ಅಪ್ಪನ ಪಾದದ ಉರಿಗೆ ಬೆಳಕಿನ ಚಿಕಿತ್ಸೆ ಅಂತಿದ್ದಾರೆ, ಮಾಡಿಸಬಹುದಾ?

ಅರೆನಿದ್ದೆ

ಎಲ್ಲರಿಗೂ ನಮಸ್ಕಾರ. ಅಪ್ಪನಿಗೆ 67 ವರ್ಷ. ಶುಗರ್ ಬಂದು ಹದಿನಾಲ್ಕು ವರ್ಷ ಆಯ್ತು. ಹೋದ ವರ್ಷದಿಂದ ಪಾದದ ಉರಿ ಶುರುವಾಗಿದೆ. ಹಗಲು ಹೇಗೋ ತಳ್ಳುತ್ತಾರೆ. ರಾತ್ರಿ ಮಾತ್ರ ನರಕ. ಹೊದಿಕೆ ತಾಗಿದರೂ ಸಹಿಸಲ್ಲ, ಮೊಣಕಾಲಿನ ತನಕ ಹೊದ್ದು ಪಾದ ಎರಡನ್ನೂ ಮಂಚದಾಚೆ ಚಾಚಿ ಮಲಗುತ್ತಾರೆ. ಎರಡು ಗಂಟೆಗೆ ಎದ್ದು ನೋಡಿದರೆ ಬಚ್ಚಲುಮನೆಯಲ್ಲಿ ಬರಿಗಾಲಲ್ಲಿ ನಿಂತಿರುತ್ತಾರೆ. ಕೇಳಿದರೆ "ಇಲ್ಲಿ ನೆಲ ತಣ್ಣಗಿದೆ ಕಣೋ, ನೀನು ಹೋಗಿ ಮಲಗು" ಅಂತಾರೆ.

ಇದೇ ಕಾಲಲ್ಲಿ ಇನ್ನೊಂದು ವಿಚಿತ್ರ. ಮೊನ್ನೆ ಎಡಗಾಲಿನ ಚಪ್ಪಲಿ ದಾರಿಯಲ್ಲೇ ಕಳಚಿ ಬಿದ್ದಿದೆ, ಅವರಿಗೆ ಗೊತ್ತೇ ಆಗಿಲ್ಲ, ಒಂದೇ ಚಪ್ಪಲಿಯಲ್ಲಿ ಮನೆ ತನಕ ಬಂದಿದ್ದಾರೆ. ಹೊದಿಕೆ ತಾಗಿದರೆ ಉರಿಯುವ ಕಾಲಿಗೆ ಚಪ್ಪಲಿ ಹೋಗಿದ್ದು ಗೊತ್ತಾಗಲ್ಲ ಅಂದರೆ ಹೇಗೆ?

ಡಾಕ್ಟರ್ ನರದ ನೋವಿಗೆ ಪ್ರಿಗಾಬಲಿನ್ ಮಾತ್ರೆ ಕೊಟ್ಟಿದ್ದಾರೆ. ಉರಿ ಸ್ವಲ್ಪ ಇಳಿದಿದೆ, ಪೂರ್ತಿ ಹೋಗಿಲ್ಲ. ಡೋಸ್ ಜಾಸ್ತಿ ಮಾಡಿದರೆ ತಲೆ ತಿರುಗುತ್ತದೆ ಅಂತ ಅಪ್ಪ ಒಪ್ಪುತ್ತಿಲ್ಲ. ಈಗ ಚಿಕ್ಕಪ್ಪ ಒಂದು ವಿಡಿಯೋ ಕಳಿಸಿದ್ದಾರೆ, ಕೆಂಪು ಬೆಳಕಿನ ಪ್ಯಾಡುಗಳನ್ನು ಪಾದಕ್ಕೆ ಸುತ್ತಿ ಅರ್ಧ ಗಂಟೆ ಬಿಡುತ್ತಾರೆ, ಸತ್ತ ನರ ಮತ್ತೆ ಚಿಗುರುತ್ತದೆ ಅಂತೆ. ವಿಚಾರಿಸಿದ ಕಡೆ ಮೂವತ್ತು ಸಿಟ್ಟಿಂಗ್ ಅಂದರು, ದುಡ್ಡು ಮೊದಲೇ ಕಟ್ಟಬೇಕು. ಅಪ್ಪನಿಗೆ ಆಸೆ ಹತ್ತಿಬಿಟ್ಟಿದೆ. ಯಾರಾದರೂ ಮಾಡಿಸಿದ್ದೀರಾ? ದುಡ್ಡು ಹೋದರೆ ಹೋಗಲಿ, ಸುಮ್ನೆ ಆಸೆ ಹುಟ್ಟಿಸಿ ಕೈ ಬಿಟ್ಟ ಹಾಗೆ ಆಗಬಾರದು ಅಂತ ಕೇಳುತ್ತಿದ್ದೇನೆ.

ಬೆಳಗಿನ ಸೂಜಿ

ನಮ್ಮ ಅಮ್ಮನಿಗೆ ಮಾಡಿಸಿದ್ದೆ. ವಾರಕ್ಕೆ ಮೂರು ದಿನ, ಆರು ವಾರ. ಪ್ರಾಮಾಣಿಕವಾಗಿ ಹೇಳುತ್ತೇನೆ, ಅಮ್ಮನಿಗೆ ಹಾಯ್ ಅನಿಸಿದ್ದು ನಿಜ. ಮೂರನೇ ವಾರಕ್ಕೆ ರಾತ್ರಿ ಏಳೋದು ಕಡಿಮೆ ಆಯ್ತು. ನಾನೂ ಸಿಕ್ಕಸಿಕ್ಕವರಿಗೆಲ್ಲ ಹೇಳಿಕೊಂಡು ಓಡಾಡಿದೆ.

ಆಮೇಲೆ ನಿಧಾನಕ್ಕೆ ಯೋಚನೆ ಮಾಡಿದಾಗ ಹೊಳೆದಿದ್ದು ಏನಂದರೆ, ಅದೇ ತಿಂಗಳಲ್ಲಿ ಡಾಕ್ಟರ್ ರಾತ್ರಿಗೆ ಡುಲೋಕ್ಸೆಟಿನ್ ಅನ್ನೋ ಇನ್ನೊಂದು ನರನೋವಿನ ಮಾತ್ರೆ ಶುರು ಮಾಡಿದ್ದರು, ಶುಗರ್ ಕೂಡ ಹತೋಟಿಗೆ ಬಂದಿತ್ತು, ಜೊತೆಗೆ ವಾರಕ್ಕೆ ಮೂರು ದಿನ ನಾನು ಕೆಲಸ ಬಿಟ್ಟು ಅಮ್ಮನ ಪಕ್ಕ ಅರ್ಧ ಗಂಟೆ ಕೂತು ಹರಟೆ ಹೊಡೆಯುತ್ತಿದ್ದೆ. ಯಾವುದರಿಂದ ಕಡಿಮೆ ಆಯ್ತೋ ದೇವರೇ ಬಲ್ಲ. ಸಿಟ್ಟಿಂಗ್ ಮುಗಿದು ಎರಡು ತಿಂಗಳಿಗೆ ಉರಿ ಮತ್ತೆ ಸ್ವಲ್ಪ ಬಂತು, ಮೊದಲಿನಷ್ಟಲ್ಲ. ಮಾತ್ರೆ ನಡೀತಾ ಇದೆ.

ಬೇಡ ಅಂತ ಹೇಳೋಕೆ ನನಗೆ ಬಾಯಿ ಬರಲ್ಲ. ಆದರೆ ಮೂವತ್ತು ಸಿಟ್ಟಿಂಗಿಗೆ ಒಟ್ಟಿಗೆ ದುಡ್ಡು ಕಟ್ಟಬೇಡಿ.

ಫಿಸಿಯೋ ಕೈ

ನಾನು ಫಿಸಿಯೋಥೆರಪಿಸ್ಟ್. ನಮ್ಮಲ್ಲೂ ಈ ಯಂತ್ರ ಇದೆ, ಹಾಗಾಗಿ ಅಂಗಡಿಯವನೇ ಮಾಲಿನ ಹುಳುಕು ಹೇಳಿದ ಹಾಗೆ ಅಂದುಕೊಂಡು ಓದಿ.

ಮೊದಲು ಚಪ್ಪಲಿ ವಿಷಯ. ಕಿವಿ ಮಂದ ಆದವರಿಗೇ ಕಿವಿಯಲ್ಲಿ ಗುಂಯ್ ಅನ್ನೋ ಸದ್ದು ಜಾಸ್ತಿ ಬರುತ್ತದೆ, ಗಮನಿಸಿದ್ದೀರಾ? ಪಾದದಲ್ಲೂ ಹಾಗೇ. ನೋವು, ಬಿಸಿ ಸುದ್ದಿ ಒಯ್ಯುವುದು ಸಣ್ಣ ಎಳೆಗಳು. ಸ್ಪರ್ಶ, ಅದುರು ಒಯ್ಯುವುದು ದಪ್ಪ ಎಳೆಗಳು. ಶುಗರ್ ಎರಡನ್ನೂ ಕೆಡಿಸುತ್ತದೆ. ಕೆಟ್ಟ ಸಣ್ಣ ಎಳೆ ಏನೂ ತಾಗದಿದ್ದರೂ ತಾನೇ ಕೂಗುತ್ತದೆ, ಕೆಟ್ಟ ದಪ್ಪ ಎಳೆ ಚಪ್ಪಲಿ ಬಿದ್ದರೂ ಸುಮ್ಮನಿರುತ್ತದೆ. ಹಾಗಾಗಿ ಉರಿಯೂ ಮರಗಟ್ಟುವುದೂ ಒಂದೇ ಕಾಲಲ್ಲಿ ಇರಬಹುದು. ನಿಮ್ಮ ತಂದೆಗೆ ಎರಡೂ ಇದೆ ಅನಿಸುತ್ತದೆ, ಉರಿಗಿಂತ ಆ ಚಪ್ಪಲಿ ಕಥೆಯೇ ನನಗೆ ಜಾಸ್ತಿ ಚಿಂತೆ.

ಇನ್ನು ಬೆಳಕು. ಇದು ಪೂರಾ ಬುರುಡೆ ಅಲ್ಲ. 1967ರಲ್ಲಿ ಬುಡಾಪೆಸ್ಟ್‌ನ ಎಂಡ್ರೆ ಮೆಸ್ಟರ್ ಅನ್ನೋ ವೈದ್ಯರು ಇಲಿಗಳ ಬೆನ್ನು ಬೋಳಿಸಿ ಲೇಸರ್ ಹಾಯಿಸಿದಾಗ ಆ ಜಾಗದಲ್ಲಿ ಕೂದಲು ಬೇಗ ಬಂತು. ಅಲ್ಲಿಂದ ಶುರುವಾದ ಕಥೆ ಇದು. ಜೀವಕೋಶಕ್ಕೆ ಶಕ್ತಿ ತಯಾರಿಸಿಕೊಡುವ ಮೈಟೊಕಾಂಡ್ರಿಯಾದಲ್ಲಿ ಸೈಟೋಕ್ರೋಮ್ ಸಿ ಆಕ್ಸಿಡೇಸ್ ಅಂತ ಒಂದು ಕಿಣ್ವ ಇದೆ, ಅದು ಕೆಂಪು ಮತ್ತು ಅದರಾಚೆಯ ಇನ್‌ಫ್ರಾರೆಡ್ ಬೆಳಕನ್ನು ಹೀರುತ್ತದೆ. ನೈಟ್ರಿಕ್ ಆಕ್ಸೈಡ್ ಬಿಡುಗಡೆಯಾಗಿ ಸಣ್ಣ ರಕ್ತನಾಳ ಹಿಗ್ಗುತ್ತದೆ, ನರಕ್ಕೆ ರಕ್ತ ಜಾಸ್ತಿ ಹೋಗುತ್ತದೆ ಅನ್ನೋದು ವಾದ. ತಟ್ಟೆಯಲ್ಲಿ ಬೆಳೆಸಿದ ಕೋಶದಲ್ಲಿ, ಇಲಿಯಲ್ಲಿ ಪರಿಣಾಮ ಕಾಣುತ್ತದೆ. ಆದರೆ ಮನುಷ್ಯನ ಅಂಗಾಲಿನ ಚರ್ಮ ಎಷ್ಟು ದಪ್ಪ ಅಂತ ಮುಟ್ಟಿ ನೋಡಿಕೊಳ್ಳಿ. ಬೆಳಕಿನ ಬಹುಪಾಲು ಮೇಲೇ ಉಳಿದುಬಿಡುತ್ತದೆ.

ಮನುಷ್ಯರಲ್ಲಿ ಏನಾಯ್ತು ಅನ್ನೋದು ಮುಖ್ಯ. ನಿಮ್ಮ ಚಿಕ್ಕಪ್ಪ ಕಳಿಸಿದಂಥ ಪ್ಯಾಡುಗಳಲ್ಲಿ ಪ್ರಯೋಗಕ್ಕೆ ಬಳಸಿದ್ದು 890 ನ್ಯಾನೊಮೀಟರ್ ತರಂಗದ, ಕಣ್ಣಿಗೆ ಕಾಣದ ಇನ್‌ಫ್ರಾರೆಡ್ ಬೆಳಕಿನವು, ಒಂದು ಪ್ಯಾಡಿನಲ್ಲಿ 60 ಡಯೋಡ್ ಅನ್ನೋ ಪುಟ್ಟ ದೀಪ ಇರುತ್ತವೆ. 2004ರಲ್ಲಿ 27 ಜನರ ಮೇಲೆ ಒಂದು ಪ್ರಯೋಗ ಬಂತು. ಸ್ಪರ್ಶಜ್ಞಾನ ಸುಧಾರಿಸಿತು ಅಂತ ವರದಿ. ಅದರಲ್ಲೂ ನರ ತೀರಾ ಹಾಳಾಗಿದ್ದವರಿಗೆ ಉಪಯೋಗ ಆಗಲಿಲ್ಲ. ಜಾಹೀರಾತಿನಲ್ಲಿ ಓಡಾಡುವುದು ಈ ಥರದ್ದೇ. ಮರುವರ್ಷ ಇನ್ನೊಂದು ಮಾಡಿದರು, 39 ಜನ, ಅರ್ಧದಷ್ಟು ಜನಕ್ಕೆ ನಿಜವಾದ ಪ್ಯಾಡ್, ಉಳಿದವರಿಗೆ ಬೆಳಕೇ ಬಾರದ ಡಮ್ಮಿ ಪ್ಯಾಡ್, ಯಾರಿಗೆ ಯಾವುದು ಅಂತ ರೋಗಿಗಳಿಗೆ ಗೊತ್ತಿಲ್ಲ. ನಾಲ್ಕು ವಾರದಲ್ಲಿ ಅಂಗಾಲಿನ ಸ್ಪರ್ಶ ಸುಧಾರಿಸಿತು. ಎರಡೂ ಗುಂಪಿನಲ್ಲಿ! ಡಮ್ಮಿ ಕಟ್ಟಿಕೊಂಡವರಿಗೂ ಅಷ್ಟೇ ಆಯ್ತು. 2008ರಲ್ಲಿ 69 ಜನರ ಮೇಲೆ ಇನ್ನೂ ಬಿಗಿಯಾಗಿ ಮಾಡಿದರು. ಮನೆಯಲ್ಲೇ ದಿನಕ್ಕೆ 40 ನಿಮಿಷ, 90 ದಿನ. ನರದ ವೇಗ ಅಳೆದರು, ಅದುರಿನ ಅರಿವು ಅಳೆದರು, ಜೀವನ ಹೇಗಿದೆ ಅಂತ ಕೇಳಿದರು. ನಿಜದ ಪ್ಯಾಡಿಗೂ ಡಮ್ಮಿಗೂ ವ್ಯತ್ಯಾಸ ಸಿಗಲಿಲ್ಲ. ಈ ಮೂರೂ ಡಯಾಬಿಟಿಸ್ ಕೇರ್ ಅನ್ನೋ ಪತ್ರಿಕೆಯಲ್ಲೇ ಇವೆ, ಬೇಕಾದವರು ಹುಡುಕಿಕೊಳ್ಳಬಹುದು.

ಲೇಸರ್ ಬೇರೆ ಅಲ್ವಾ ಅಂತ ಕೇಳುತ್ತೀರಿ. ಟೊರಾಂಟೊದಲ್ಲಿ 50 ಜನರಿಗೆ ಮಾಡಿದ್ದರು, 2004ರಲ್ಲೇ. ಅದರಲ್ಲಿ ಒಂದು ಜಾಣತನ ಇತ್ತು. ಮೊದಲ ಎರಡು ವಾರ ಎಲ್ಲರಿಗೂ ಡಮ್ಮಿಯನ್ನೇ ಕೊಟ್ಟರು. ಆ ಎರಡು ವಾರದಲ್ಲೇ ನೋವಿನ ಅಂಕ ಇಳಿಯಿತು. ಆಮೇಲೆ ಅರ್ಧದಷ್ಟು ಜನಕ್ಕೆ ನಿಜದ ಲೇಸರ್ ಕೊಟ್ಟಾಗ ಇನ್ನೊಂಚೂರು ಇಳಿದ ಹಾಗೆ ಕಂಡಿತು, ಆದರೆ ಚಿಕಿತ್ಸೆ ಅಂತ ಶಿಫಾರಸು ಮಾಡುವಷ್ಟು ಪುರಾವೆ ಇಲ್ಲ ಅಂತ ಅವರೇ ಬರೆದರು. ಆಮೇಲೂ ಸಣ್ಣಪುಟ್ಟ ಪ್ರಯೋಗ ಬಂದಿವೆ, ಕೆಲವದರಲ್ಲಿ ನೋವು ಕಡಿಮೆ ಆಗಿದೆ. ತೊಂದರೆ ಏನಂದರೆ ಒಬ್ಬರ ಬೆಳಕು ಇನ್ನೊಬ್ಬರದಲ್ಲ. ತರಂಗ ಬೇರೆ, ಶಕ್ತಿ ಬೇರೆ, ಎಷ್ಟು ಹೊತ್ತು ಅನ್ನೋದು ಬೇರೆ, ಕೆಲವರು ಪಾದಕ್ಕೆ ಕೊಟ್ಟರೆ ಕೆಲವರು ಸೊಂಟದಿಂದ ಶುರು ಮಾಡುತ್ತಾರೆ. ಜಾಸ್ತಿ ಕೊಟ್ಟರೆ ಜಾಸ್ತಿ ಗುಣ ಅನ್ನೋದೂ ಇಲ್ಲಿ ನಡೆಯಲ್ಲ, ಒಂದು ಮಿತಿ ದಾಟಿದರೆ ಪರಿಣಾಮ ಕುಗ್ಗುತ್ತದೆ.

"ಸತ್ತ ನರ ಚಿಗುರುತ್ತದೆ" ಅಂತ ನಾನಂತೂ ಯಾವ ರೋಗಿಗೂ ಹೇಳಿಲ್ಲ. ನಮ್ಮಲ್ಲಿ ಹೆಚ್ಚಾಗಿ ಮಂಡಿನೋವಿಗೆ ಬಳಸುತ್ತೇವೆ.

ಮಾತ್ರೆ ಸಾಕಪ್ಪ

ಸರ್, ನೀವು ಹೇಳಿದ್ದೆಲ್ಲ ಹಳೇ ಪ್ರಯೋಗ. ಇದಕ್ಕೆ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ಒಪ್ಪಿಗೆ ಇದೆ ಅಂತ ಡಬ್ಬದ ಮೇಲೇ ಬರೆದಿರುತ್ತದೆ. ಅಮೆರಿಕದ ಸರ್ಕಾರ ಸುಮ್ನೆ ಒಪ್ಪುತ್ತದಾ? ಬೆಳಕಿನಿಂದ ವಾಸಿಯಾದರೆ ಮಾತ್ರೆ ಯಾರು ತಗೋತಾರೆ, ಅದಕ್ಕೇ ಇದನ್ನೆಲ್ಲ ಮುಚ್ಚಿಡೋದು. ಪ್ರಿಗಾಬಲಿನ್ ತಗೊಂಡು ನನಗೆ ಕಾಲು ಊದಿಕೊಂಡು, ತೂಕ ಬಂದು, ಹಗಲೆಲ್ಲ ತೂಕಡಿಕೆ. ಬೆಳಕಿನಿಂದ ಅಂಥದ್ದೇನೂ ಇಲ್ಲವಲ್ಲ.

ಫಿಸಿಯೋ ಕೈ

ಪ್ರಿಗಾಬಲಿನ್ ಬಗ್ಗೆ ನೀವು ಹೇಳಿದ ತೊಂದರೆಗಳು ನಿಜ, ಅದನ್ನು ಯಾರೂ ಮುಚ್ಚಿಟ್ಟಿಲ್ಲ. ಡಾಕ್ಟರಿಗೆ ಹೇಳಿ, ಬದಲಾಯಿಸುತ್ತಾರೆ. ನೀವಾಗಿ ಒಂದೇ ಸಲ ನಿಲ್ಲಿಸಬೇಡಿ ಅಷ್ಟೇ.

ಎಫ್‌ಡಿಎ ವಿಷಯದಲ್ಲಿ ಒಂದು ಗೊಂದಲ ಇದೆ. ಹೊಸ ಔಷಧಿಗೆ ಒಪ್ಪಿಗೆ ಬೇಕಾದರೆ ಇಂಥ ಕಾಯಿಲೆಗೆ ಕೆಲಸ ಮಾಡುತ್ತದೆ ಅಂತ ತೋರಿಸಬೇಕು. ಈ ಥರದ ದೀಪಗಳಿಗೆ ಸಿಗೋದು ಬೇರೆ ಚೀಟಿ. ಮಾರುಕಟ್ಟೆಯಲ್ಲಿ ಈಗಾಗಲೇ ಇರುವ ಇಂಥದ್ದೇ ಸಾಧನದ ಹಾಗಿದೆ, ಮಾರಬಹುದು ಅನ್ನೋ ಪರವಾನಗಿ. ಅದರಲ್ಲಿ ಬರೆದಿರುವುದು ಆ ಜಾಗದ ರಕ್ತ ಸಂಚಾರ ತಾತ್ಕಾಲಿಕವಾಗಿ ಹೆಚ್ಚುತ್ತದೆ, ಸಣ್ಣ ಮೈಕೈ ನೋವಿಗೆ ತಾತ್ಕಾಲಿಕ ಆರಾಮ ಅಂತ. ಶುಗರ್‌ನಿಂದ ಕೆಟ್ಟ ನರ ಸರಿಯಾಗುತ್ತದೆ ಅಂತ ಅಲ್ಲ.

ಅಮೆರಿಕದ ಸರ್ಕಾರದ ಮಾತು ತೆಗೆದಿರಿ ಅಂತ ಇದನ್ನೂ ಹೇಳಿಬಿಡುತ್ತೇನೆ. ಅಲ್ಲಿ ವಯಸ್ಸಾದವರಿಗೆ ಸರ್ಕಾರವೇ ನಡೆಸುವ ಮೆಡಿಕೇರ್ ವಿಮೆ ಇದೆ. 2006ರ ಅಕ್ಟೋಬರ್‌ನಲ್ಲಿ, ನರದ ತೊಂದರೆಗೆ ಇನ್‌ಫ್ರಾರೆಡ್ ಸಾಧನ ಬಳಸಿದರೆ ದುಡ್ಡು ಕೊಡಲ್ಲ ಅಂತ ಅವರು ಆದೇಶ ಹೊರಡಿಸಿದರು. 2011ರಲ್ಲಿ ಅಲ್ಲಿನ ನರರೋಗ ತಜ್ಞರ ಅಕಾಡೆಮಿ ಕೊಟ್ಟ ಸಲಹೆಯಲ್ಲಿ ಈ ನೋವಿಗೆ ಪ್ರಿಗಾಬಲಿನ್ ಮೊದಲ ಸಾಲಿನಲ್ಲಿದೆ, ಕಡಿಮೆ ಶಕ್ತಿಯ ಲೇಸರ್ ಮಾತ್ರ "ಬಹುಶಃ ಬೇಡ" ಅನ್ನೋ ಪಟ್ಟಿಯಲ್ಲಿದೆ. ಅದೇ ಪಟ್ಟಿಯಲ್ಲಿ ಕೈ ಆಡಿಸಿ ಗುಣ ಮಾಡುವ ರೇಖಿಯೂ ಇತ್ತು.

ಕಾಲು ನೋಡ್ಕೊಳ್ಳಿ

"ಬೆಳಕಿನಿಂದ ಅಂಥದ್ದೇನೂ ಇಲ್ಲ" ಅಂದಿದ್ದು ಓದಿ ಬರೆಯದೆ ಇರೋಕೆ ಆಗಲಿಲ್ಲ.

ನಮ್ಮ ಯಜಮಾನರಿಗೆ ಒಂದು ಕಡೆ ಪಾದಕ್ಕೆ ಬೆಳಕು ಕೊಡಿಸುತ್ತಿದ್ದೆವು. ಯಾವ ಜಾಗ ಅಂತ ಹೇಳಲ್ಲ. ಹುಡುಗ ಪ್ಯಾಡ್ ಕಟ್ಟಿ, ಬಿಸಿ ಜಾಸ್ತಿ ಅನಿಸಿದರೆ ಕೂಗಿ ಅಂತ ಹೇಳಿ ಹೋದ. ಇವರು ಕೂಗಲಿಲ್ಲ. ಹೇಗೆ ಕೂಗುತ್ತಾರೆ, ಬಿಸಿ ಗೊತ್ತಾದರೆ ತಾನೆ? ಅವತ್ತು ಮನೆಗೆ ನಡೆದುಕೊಂಡೇ ಬಂದರು, ಊಟ ಮಾಡಿದರು, ಮಲಗಿದರು. ಮಾರನೇ ದಿನ ಬಟ್ಟೆ ಒಗೆಯುವಾಗ ನೋಡುತ್ತೇನೆ, ಬೂದು ಬಣ್ಣದ ಕಾಲುಚೀಲದಲ್ಲಿ ಹೆಬ್ಬೆರಳಿನ ಬುಡಕ್ಕೆ ಸರಿಯಾಗಿ ಹಳದಿ ಕಲೆ, ಬಟ್ಟೆ ಗಟ್ಟಿಯಾಗಿ ಒಣಗಿತ್ತು. ಓಡಿ ಹೋಗಿ ಕಾಲೆತ್ತಿ ನೋಡಿದರೆ ಬೊಬ್ಬೆ ಒಡೆದು ಚರ್ಮ ಮಡಚಿಕೊಂಡಿದೆ. ಇವರು ಪೇಪರ್ ಓದುತ್ತಾ "ಏನೇ ಅದು?" ಅಂತಾರೆ. ಆ ಗಾಯ ಮಾಗೋಕೆ ಹನ್ನೊಂದು ವಾರ ಹಿಡಿಯಿತು. ದಿನಾ ಡ್ರೆಸ್ಸಿಂಗ್. ಬೆರಳು ಉಳಿಯಿತಲ್ಲ ಅನ್ನೋದೇ ಸಮಾಧಾನ.

ಬೆಳಕೇ ಸುಟ್ಟಿತೋ, ಪ್ಯಾಡ್ ಕಾದು ಸುಟ್ಟಿತೋ ನನಗೆ ಗೊತ್ತಿಲ್ಲ, ಗೊತ್ತಾಗಿ ಆಗಬೇಕಾದ್ದೂ ಏನಿಲ್ಲ. ಬಿಸಿನೀರಿನ ಚೀಲ, ಹೀಟರ್, ಬಿಸಿನೀರಿನ ಬಕೆಟ್ ಎಲ್ಲಾ ಒಂದೇ. ಚಪ್ಪಲಿ ಬಿದ್ದಿದ್ದು ಗೊತ್ತಾಗದ ಕಾಲನ್ನು ಬಿಸಿ ಆಗುವ ಯಾವ ವಸ್ತುವಿನ ಹತ್ತಿರವೂ ಒಂಟಿಯಾಗಿ ಬಿಡಬೇಡಿ. ಮಾಡಿಸುವುದೇ ಆದರೆ ಪಕ್ಕದಲ್ಲಿ ನೀವು ಕೂತು, ಐದೈದು ನಿಮಿಷಕ್ಕೆ ಪ್ಯಾಡ್ ಎತ್ತಿ ನಿಮ್ಮ ಕೈಯಿಂದ ಮುಟ್ಟಿ ನೋಡಿ. ಅವರನ್ನು ಕೇಳಬೇಡಿ.

ಹಳೇ ಸಕ್ಕರೆ

ಇಪ್ಪತ್ತೆರಡು ವರ್ಷದ ಶುಗರ್ ನನ್ನದು, ಕಾಲುರಿ ಎಂಟು ವರ್ಷದ್ದು. ಬೆಳಕು ಬಿಡಿ, ನಾನು ಮಾಡದ ಸರ್ಕಸ್ ಇಲ್ಲ. ನಿಮ್ಮ ಪ್ರಶ್ನೆಗೆ ನೇರ ಉತ್ತರ ಆಗಲೇ ಬಂದಿದೆ, ನಾನು ಪಕ್ಕದ ಮಾತು ಹೇಳುತ್ತೇನೆ.

ಅಪ್ಪ ಶುಗರ್‌ಗೆ ಮೆಟ್‌ಫಾರ್ಮಿನ್ ಮಾತ್ರೆ ತಗೋತಾರಾ? ಎಷ್ಟು ವರ್ಷದಿಂದ? ಅದನ್ನು ತುಂಬಾ ವರ್ಷ ತಗೊಂಡರೆ ಕೆಲವರಲ್ಲಿ ವಿಟಮಿನ್ ಬಿ12 ಇಳಿದುಹೋಗುತ್ತದೆ. ಬಿ12 ಇಳಿದರೂ ಪಾದ ಹೀಗೇ ಜೋಮು ಹಿಡಿಯುತ್ತದೆ, ಉರಿಯುತ್ತದೆ, ನಾವು ಎಲ್ಲಾ ಶುಗರ್ ತಲೆ ಮೇಲೆ ಹಾಕುತ್ತೇವೆ. ಒಂದು ರಕ್ತ ಪರೀಕ್ಷೆ, ಅಷ್ಟೇ. ನನಗೆ ಇದನ್ನು ಮಾಡಿಸೋಕೆ ಮೂರು ವರ್ಷ ಯಾರೂ ಹೇಳಲಿಲ್ಲ. ಕಡಿಮೆಯೇ ಇತ್ತು. ಸರಿ ಮಾಡಿದ ಮೇಲೆ ಜೋಮು ಇಳಿಯಿತು, ಉರಿ ಇಳಿಯಲಿಲ್ಲ. ಅರ್ಧ ಲಾಭ. ಥೈರಾಯ್ಡ್ ಕೂಡ ನೋಡಿಸಿ.

ಮಾತ್ರೆಗೆ ತಲೆ ತಿರುಗಿದರೆ ಅಲ್ಲಿಗೇ ಮುಗೀತು ಅಂದುಕೊಳ್ಳಬೇಡಿ. ಅಮಿಟ್ರಿಪ್ಟಿಲಿನ್, ಡುಲೋಕ್ಸೆಟಿನ್, ಪ್ರಿಗಾಬಲಿನ್, ಈ ಮೂರನ್ನೂ 130 ಜನರಲ್ಲಿ ಅದಲು ಬದಲು ಮಾಡಿ ಬ್ರಿಟನ್‌ನಲ್ಲಿ ನೋಡಿದ್ದಾರೆ, 2022ರಲ್ಲಿ ಲ್ಯಾನ್ಸೆಟ್ ಅನ್ನೋ ವೈದ್ಯಕೀಯ ಪತ್ರಿಕೆಯಲ್ಲಿ ಬಂದಿದೆ. ಮೊದಲು ಒಂದು, ಸಾಲದಿದ್ದರೆ ಜೊತೆಗೆ ಇನ್ನೊಂದು. ಯಾವುದರಿಂದ ಶುರು ಮಾಡಿದರೂ ನೋವು ಹತ್ತಕ್ಕೆ 6.6 ಇದ್ದದ್ದು ಹದಿನಾರು ವಾರದಲ್ಲಿ 3.3ರ ಹತ್ತಿರ ಬಂತು. ಅರ್ಧ, ನೋಡಿ. ಸೊನ್ನೆ ಅಲ್ಲ. ಇದನ್ನು ಅಪ್ಪನಿಗೆ ಮೊದಲೇ ಹೇಳಿ, ಪೂರ್ತಿ ಹೋಗಲಿಲ್ಲ ಅಂತ ಮಾತ್ರೆ ಬಿಸಾಕುವವರೇ ಜಾಸ್ತಿ. ಒಂದರಲ್ಲಿ ತಲೆ ತಿರುಗಿದರೆ ಇನ್ನೊಂದರಲ್ಲಿ ವಾಕರಿಕೆ, ಮತ್ತೊಂದರಲ್ಲಿ ಬಾಯಿ ಒಣಗುತ್ತದೆ. ಯಾವ ಕಾಟ ತಡೆದುಕೊಳ್ಳಬಲ್ಲಿರಿ ಅಂತ ಆರಿಸಿಕೊಳ್ಳುವುದು. ನಾನು ಬಾಯಿ ಒಣಗೋದನ್ನು, ಅಂದರೆ ಅಮಿಟ್ರಿಪ್ಟಿಲಿನ್ ಆರಿಸಿಕೊಂಡೆ. ಹೃದಯದ ತೊಂದರೆ ಇದ್ದರೆ ಅದು ಆಗಿಬರಲ್ಲ, ಡಾಕ್ಟರಿಗೆ ಮೊದಲೇ ಹೇಳಿ. ಮಾತ್ರೆಯೇ ಬೇಡ ಅನ್ನುವವರಿಗೆ ಮೆಣಸಿನಕಾಯಿಯ ಖಾರದಿಂದ ಮಾಡಿದ ಕ್ಯಾಪ್ಸೈಸಿನ್ ಪಟ್ಟಿ ಇದೆ. ಶೇಕಡಾ 8ರದ್ದನ್ನು ಪಾದದ ಈ ನೋವಿಗೇ ಅಂತ 2020ರಲ್ಲಿ ಎಫ್‌ಡಿಎ ಒಪ್ಪಿದೆ. ಇದು ನಿಜವಾದ ಒಪ್ಪಿಗೆ. ಡಾಕ್ಟರ ಹತ್ತಿರವೇ ಹಾಕಿಸಿಕೊಳ್ಳಬೇಕು, ಹಾಕಿದ ದಿನ ಕುಣಿಯುವ ಹಾಗಾಗುತ್ತದೆ.

ಇನ್ನೊಂದು. ಉರಿ ತಡೆಯಲಾರದೆ ಶುಗರ್ ಅನ್ನು ಒಂದೆರಡು ತಿಂಗಳಲ್ಲಿ ಧಡಾರನೆ ಇಳಿಸಲು ಹೋಗಬೇಡಿ. ತುಂಬಾ ದಿನ ಮೇಲಿದ್ದ ಶುಗರ್ ಒಮ್ಮೆಗೇ ಬಿದ್ದರೆ ನೋವು ಕೆರಳುವುದುಂಟು. ನಿಧಾನಕ್ಕೆ ಇಳಿಯಲಿ.

ಅರೆನಿದ್ದೆ

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಎರಡು ವಾರ ಆಯ್ತು, ಏನಾಯ್ತು ಅಂತ ಹೇಳಿಬಿಡುತ್ತೇನೆ.

ಡಾಕ್ಟರ ಹತ್ತಿರ ಮತ್ತೆ ಕರೆದುಕೊಂಡು ಹೋಗಿದ್ದೆ. ಚಪ್ಪಲಿ ಕಥೆ ಹೇಳಿದ ಕೂಡಲೇ ಅವರು ಡ್ರಾದಿಂದ ಒಂದು ನೈಲಾನ್ ಎಳೆ ತೆಗೆದರು, ಮೀನಿನ ಗಾಳದ ದಾರದ ಥರ ಇತ್ತು, ಪೆನ್ನಿನ ತುದಿಗೆ ಸಿಗಿಸಿದ ಹಾಗೆ. ಅಪ್ಪನಿಗೆ ಕಣ್ಣು ಮುಚ್ಚಲು ಹೇಳಿ ಎಳೆ ಬಾಗುವ ತನಕ ಪಾದದ ಅಲ್ಲಲ್ಲಿ ಒತ್ತಿದರು. ಬಾಗುವಾಗ 10 ಗ್ರಾಂ ಒತ್ತಡ ಬೀಳುತ್ತದಂತೆ. ಮುಟ್ಟಿದಾಗೆಲ್ಲ "ಹೂಂ" ಅನ್ನಬೇಕು. ಬಲಗಾಲಲ್ಲಿ ಹೂಂ, ಹೂಂ ಅಂತ ಸರಿಯಾಗಿ ಹೇಳಿದರು. ಎಡಗಾಲಿನ ಹೆಬ್ಬೆರಳಿನ ಕೆಳಗೆ ಒತ್ತಿದರು, ಸದ್ದಿಲ್ಲ. ಕಿರುಬೆರಳಿನ ಬುಡ, ಅಲ್ಲೂ ಸದ್ದಿಲ್ಲ. ನಾನು ನೋಡುತ್ತಾ ಇದ್ದೇನೆ, ಎಳೆ ಬಾಗಿ ಬಿಲ್ಲಿನ ಹಾಗಾಗಿದೆ, ಅಪ್ಪ ಕಣ್ಣು ಮುಚ್ಚಿಕೊಂಡು ಇನ್ನೂ ಕಾಯುತ್ತಿದ್ದಾರೆ. ಕೊನೆಗೆ "ಶುರು ಮಾಡಿ ಡಾಕ್ಟ್ರೇ" ಅಂದರು.

ಅಲ್ಲಿಂದ ಹೊರಗೆ ಬಂದ ಮೇಲೆ ಬೆಳಕಿನ ವಿಷಯ ಅವರಾಗೇ ಎತ್ತಲಿಲ್ಲ. ನಾನೇ ಸುಟ್ಟ ಗಾಯದ ವಿಷಯ ಓದಿ ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಆ ಯಮ್ಮ ಕಾಲುಚೀಲ ನೋಡಿದ್ದಕ್ಕೆ ಆಯ್ತು" ಅಂದರು.

ಬಿ12 ರಿಪೋರ್ಟ್ ನಾಳೆ ಬರುತ್ತದೆ. ಪ್ರಿಗಾಬಲಿನ್ ಅಷ್ಟರಲ್ಲೇ ಉಳಿಸಿ ರಾತ್ರಿಗೆ ಡುಲೋಕ್ಸೆಟಿನ್ ಸೇರಿಸಿದ್ದಾರೆ. ಮೊದಲ ನಾಲ್ಕು ದಿನ ವಾಕರಿಕೆ ಇತ್ತು, ಈಗ ಇಲ್ಲ. ಬಚ್ಚಲುಮನೆಯಲ್ಲಿ ನಿಲ್ಲೋದು ಪೂರ್ತಿ ನಿಂತಿಲ್ಲ, ಆದರೆ ಈ ವಾರ ಎರಡೇ ರಾತ್ರಿ. ಬರಿಗಾಲಲ್ಲಿ ನಿಲ್ಲಬೇಡಿ ಅಂತ ಹೇಳಿ ಮೃದು ಚಪ್ಪಲಿ ತಂದುಕೊಟ್ಟಿದ್ದೇನೆ, ಹಿಮ್ಮಡಿಗೆ ಪಟ್ಟಿ ಇರುವಂಥದ್ದು. ರಾತ್ರಿ ಮಲಗುವ ಮುಂಚೆ ಟಾರ್ಚ್ ಹಿಡಿದು ಎರಡೂ ಅಂಗಾಲು ನಾನೇ ನೋಡುತ್ತೇನೆ. ಚಿಕ್ಕಪ್ಪ ಫೋನ್ ಮಾಡಿ ಬೆಳಕು ಕೊಡಿಸಿದೆಯಾ ಅಂತ ಕೇಳಿದಾಗ ಅಪ್ಪ ಫೋನ್ ಕಿತ್ತುಕೊಂಡು "ದಿನಾ ರಾತ್ರಿ ಮಗ ಕೊಡ್ತಾ ಇದ್ದಾನೆ, ಫ್ರೀ" ಅಂದರು.

ಬೆಳಗಿನ ಸೂಜಿ

ಬೆರಳು ಸಂದುಗಳನ್ನೂ ನೋಡಿ. ನಮ್ಮಮ್ಮನಿಗೆ ಒಂದು ಸಲ ಅಲ್ಲೇ ಬಿರುಕು ಬಿಟ್ಟಿತ್ತು. ಬಿ12 ಎಷ್ಟು ಬಂತು ಅಂತ ಹೇಳೋದು ಮರೀಬೇಡಿ.